ಸವಾರೊ ರಾಷ್ಟ್ರೀಯ ಉದ್ಯಾನ: ಕರಾವಳಿಯವರು ಬೆವರನ್ನು ನಂಬಬಾರದ ಜಾಗ

ಮಂಗಳೂರು, ಉಡುಪಿಯಿಂದ ಅಮೆರಿಕದ ಫೀನಿಕ್ಸ್‌ನಲ್ಲಿರುವ ಮಕ್ಕಳ ಮನೆಗೆ ಹೋಗುವ ಹಿರಿಯರು ಇದನ್ನು ನೋಡದೆ ಬರಬಾರದು. ಉದ್ಯಾನವಿರುವ ಟೂಸಾನ್ ನಗರಕ್ಕೆ ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಸ್ಪೆಲ್ಲಿಂಗಿನಲ್ಲಿ ‘ಜಿ’ ಇದ್ದರೂ ಹೇಳುವುದು ಸವಾರೊ ಎಂದೇ. ಅದು ಇಲ್ಲಿನ ಎತ್ತರದ ಕಳ್ಳಿಯ ಹೆಸರು.

ಮೊದಲು ಎಡವುವುದು ಮ್ಯಾಪಿನಲ್ಲಿ. ಪಾರ್ಕ್ ಒಂದೇ, ಭಾಗ ಎರಡು, ನಡುವೆ ಇಡೀ ಟೂಸಾನ್ ನಗರ. ಬರೀ ಪಾರ್ಕಿನ ಹೆಸರು ಹಾಕಿ ಹೊರಟರೆ ಬೇಡದ ಕಡೆ ತಲುಪಿ, ಮತ್ತೆ ಸುಮಾರು 50 ಕಿ.ಮೀ. ಓಡಿಸಬೇಕಾಗುತ್ತದೆ. ಪೂರ್ವಕ್ಕೆ ರಿಂಕನ್ ಮೌಂಟನ್, ಪಶ್ಚಿಮಕ್ಕೆ ಟೂಸಾನ್ ಮೌಂಟನ್ ಎಂದು ಹಾಕಿ. ಮೊಣಕಾಲು ನೋವಿನವರಿಗೆ ಪೂರ್ವವೇ ಸರಿ, 13 ಕಿ.ಮೀ. ಡಾಂಬರು ರಸ್ತೆ ಸುತ್ತುವಾಗ ಕಾರಿನೊಳಗೆ ಕೂತೇ ನೋಡಬಹುದು. ಕಳ್ಳಿಕಾಡು ದಟ್ಟವಾಗಿರುವುದು ಪಶ್ಚಿಮದಲ್ಲಿ. ಸಿಗ್ನಲ್ ಹಿಲ್‌ನಲ್ಲಿ ಸ್ವಲ್ಪ ಹತ್ತಿದರೆ ಹಿಂದೆ ಇಲ್ಲಿದ್ದ ಹೊಹೊಕಮ್ ಎಂಬ ಮೂಲನಿವಾಸಿ ಜನ ಬಂಡೆಯ ಮೇಲೆ ಕೆತ್ತಿದ ಸುರುಳಿ ಕಾಣುತ್ತದೆ. ಅಲ್ಲಿಗೆ ಹೋಗುವ ಬಜಾಡ ಲೂಪ್ ಜಲ್ಲಿ ರಸ್ತೆ. ಬಾಡಿಗೆ ಕಾರಾದರೆ ಕರಾರಿನಲ್ಲಿ ಅದಕ್ಕೆ ಒಪ್ಪಿಗೆ ಇದೆಯೇ ನೋಡಿಕೊಳ್ಳಿ. ಪಾರ್ಕಿನ ಪ್ರವೇಶ ಶುಲ್ಕ ಕಾರೊಂದಕ್ಕೆ 25 ಡಾಲರ್, 7 ದಿನ ಎರಡೂ ಕಡೆ ನಡೆಯುತ್ತದೆ.

ಇನ್ನು ನೀರು. ನಮ್ಮ ಮೇ ತಿಂಗಳ ಸೆಖೆಯಲ್ಲಿ ಬೈರಾಸು ಒದ್ದೆಯಾದಾಗ ನೀರು ನೆನಪಾಗುತ್ತದೆ. ಅಲ್ಲಿ ಬೆವರಿದ್ದೇ ತಿಳಿಯುವುದಿಲ್ಲ, ಒಣಗಾಳಿ ಚರ್ಮದ ಮೇಲಿಂದಲೇ ಹೀರಿಬಿಡುತ್ತದೆ. ಅಂಗಿ ಒಣಗಿಯೇ ಇರುತ್ತದೆ. ತಲೆನೋವು ಬಂದಾಗಲೇ ಗೊತ್ತಾಗುವುದು, ಆಗ ತಡವಾಗಿರುತ್ತದೆ. ಬೇಸಗೆಯಲ್ಲಿ ನಡೆಯುವುದಾದರೆ ಬಾಯಾರದಿದ್ದರೂ ಒಬ್ಬರಿಗೆ ಗಂಟೆಗೆ ಒಂದು ಲೀಟರ್ ಬೇಕು, ಜೊತೆಗೆ ಉಪ್ಪಿನ ತಿಂಡಿ. ಒಳಗೆ ಊಟದ ಹೋಟೆಲಿಲ್ಲ, ಬುತ್ತಿ ಕಟ್ಟಿಕೊಳ್ಳಿ. ಬಾಟಲಿ ತುಂಬಿಸಿಕೊಳ್ಳುವುದು ವಿಸಿಟರ್ ಸೆಂಟರಿನಲ್ಲೇ ಆಗಬೇಕು. ಜೂನಿನಲ್ಲಿ 38 ಡಿಗ್ರಿ ಸುಲಭವಾಗಿ ದಾಟುತ್ತದೆ. ನವೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ, ರಾತ್ರಿಗೆ ಸ್ವೆಟರ್ ಇರಲಿ.

ಚಪ್ಪಲಿ ಬೇಡ, ಶೂ ಹಾಕಿ. ಚೋಯಾ ಎಂಬ ಗಿಡ್ಡ ಕಳ್ಳಿಯ ತುಂಡು ತುಸು ತಾಗಿದರೂ ಕಳಚಿ ಕಾಲಿಗೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಎಳೆದಿರೋ ಬೆರಳಿಗೂ ಚುಚ್ಚಿತು. ಮುಳ್ಳಿನ ಮೈಯಲ್ಲಿ ಹಿಮ್ಮುಖ ಕೊಕ್ಕೆಗಳಿವೆ. ಬಾಚಣಿಗೆಯನ್ನು ತುಂಡಿಗೂ ಚರ್ಮಕ್ಕೂ ನಡುವೆ ತೂರಿಸಿ, ಜನರಿಲ್ಲದ ಕಡೆಗೆ ಚಿಮ್ಮಿಸಿ. ಉಳಿದ ಮುಳ್ಳಿಗೆ ಚಿಮಟ.

ಸವಾರೊ ಒಂದರ ಪಕ್ಕ ನಿಂತು ಮೈಯ ಮಡಿಕೆ ನೋಡಿ, ಹಾರ್ಮೋನಿಯಂ ತಿದಿಯದೇ ರೀತಿ. ಮಳೆಗೆ ನೀರು ಹೀರಿ ಬಿಚ್ಚಿಕೊಳ್ಳುತ್ತದೆ, ಬರಕ್ಕೆ ಮುಚ್ಚಿಕೊಳ್ಳುತ್ತದೆ. ತೆಂಗಿನ ಮರದಷ್ಟು ಎತ್ತರದ ಈ ಜೀವ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಸುಮಾರು ಒಂದೂವರೆ ಇಂಚು. ತೋಳು ಒಡೆಯಲು ಸಾಮಾನ್ಯವಾಗಿ 50ರಿಂದ 75 ವರ್ಷ. ಫೋಟೊಕ್ಕಾಗಿ ದಾರಿ ಬಿಟ್ಟು ಇಳಿಯಬೇಡಿ. ಪಾಲೊ ವರ್ಡಿ ಮರಗಳ ನೆರಳಿನಲ್ಲೇ ಸವಾರೊ ಮರಿಗಳು ಬೆಳೆಯುವುದು, ಕಾಲಡಿ ಸಿಕ್ಕಿದರೂ ಕಾಣುವುದಿಲ್ಲ. ಮೇ, ಜೂನಿನಲ್ಲಿ ಹೋದವರು ಬೆಳಗ್ಗೆ ಬೇಗ ತಲುಪಿ: ಸವಾರೊದ ಬಿಳಿ ಹೂ ರಾತ್ರಿ ಅರಳಿ, ಮರುದಿನ ಮಧ್ಯಾಹ್ನಕ್ಕೆ ಮುಚ್ಚುತ್ತದೆ.