ಮ್ಯಾಸಿಫ್‌ನ ಉತ್ತರವನ್ನು ತಾಳೆ ನೋಡುವ ವ್ಯವಸ್ಥೆ: ವ್ಯಾಲ್‌ಗ್ರಿಂಡ್‌ನ ರಿಗ್ರೆಶನ್ ಪರೀಕ್ಷೆಗಳ ವಿಮರ್ಶೆ

ಪ್ರೋಗ್ರಾಮೊಂದು ಎಷ್ಟು ಮೆಮೊರಿ ಬಳಸುತ್ತಿದೆ ಎಂದು ಅಳೆಯುವ ಪ್ರೊಫೈಲರ್ ತಾನೇ ಸರಿಯಾಗಿ ಅಳೆಯುತ್ತಿದೆಯೇ ಎಂಬುದನ್ನು ಯಂತ್ರದ ಕೈಯಲ್ಲೇ ಪರೀಕ್ಷಿಸುವುದು ಸುಲಭವಲ್ಲ. ಮೆಮೊರಿ ವಿಳಾಸಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ, ಕಾಲದ ಅಳತೆ ಓಡಿಸಿದಾಗಲೆಲ್ಲ ಬದಲಾಗುತ್ತದೆ, ಲೈಬ್ರರಿಗಳು ಹೇಳದೆ ಕೇಳದೆ ಒಂದಿಷ್ಟು ಮೆಮೊರಿ ಪಡೆದುಕೊಳ್ಳುತ್ತವೆ. ಇಷ್ಟೆಲ್ಲ ಇದ್ದರೂ, ಪ್ರೋಗ್ರಾಮ್‌ಗಳನ್ನು ಪರಿಶೀಲಿಸುವ ಸಾಧನಗಳ ಕಟ್ಟಾದ ವ್ಯಾಲ್‌ಗ್ರಿಂಡ್‌ನ ಹೀಪ್ (ಓಡುವಾಗ ಪ್ರೋಗ್ರಾಮ್ ಕೇಳಿ ಪಡೆಯುವ ಮೆಮೊರಿ) ಪ್ರೊಫೈಲರ್ ಆದ ಮ್ಯಾಸಿಫ್‌ಗೆ ಬರೆದಿರುವ ರಿಗ್ರೆಶನ್ ಪರೀಕ್ಷೆಗಳು, ಅಂದರೆ ಹೊಸ ಬದಲಾವಣೆಯಿಂದ ಹಳೆಯ ಕೆಲಸ ಕೆಟ್ಟಿಲ್ಲವೇ ಎಂದು ನೋಡುವ ಪರೀಕ್ಷೆಗಳು, ನಂಬಿಕೆಗೆ ಅರ್ಹವಾಗಿವೆ. ಅವುಗಳ ಬಲ ಹೋಲಿಕೆಯ ಜಾಣ್ಮೆಗಿಂತ ಹೆಚ್ಚಾಗಿ, ಹೋಲಿಕೆಗೆ ಮೊದಲೇ ಉತ್ತರವನ್ನು ಸ್ಥಿರಗೊಳಿಸುವ ಶಿಸ್ತಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಪ್ರತಿ ಪರೀಕ್ಷೆಗೂ ಕೆಲವೇ ಸಾಲುಗಳ ಒಂದು ಪಠ್ಯ ಕಡತವಿರುತ್ತದೆ. ಯಾವ ಪ್ರೋಗ್ರಾಮನ್ನು ಓಡಿಸಬೇಕು, ಯಾವ ಆಯ್ಕೆಗಳನ್ನು ಕೊಡಬೇಕು, ಓಟ ಮುಗಿದ ಮೇಲೆ ಯಾವ ಆದೇಶ ನಡೆಯಬೇಕು, ಕೊನೆಗೆ ಯಾವ ಕಡತವನ್ನು ಅಳಿಸಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಓಟ ಮುಗಿದ ಮೇಲಿನ ಆದೇಶವೇ ಇಲ್ಲಿ ಮುಖ್ಯವಾದದ್ದು. ಮ್ಯಾಸಿಫ್ ಬರೆದ ಕಡತವನ್ನು ಅದರ ಜೊತೆಗೇ ಬರುವ ಎಂಎಸ್-ಪ್ರಿಂಟ್ ಎಂಬ ಸ್ಕ್ರಿಪ್ಟ್ ಓದಿ ನಕ್ಷೆಯನ್ನೂ ಪಟ್ಟಿಯನ್ನೂ ಮುದ್ರಿಸುತ್ತದೆ. ಆ ಮುದ್ರಣವನ್ನು ಒಂದು ಸಣ್ಣ ಫಿಲ್ಟರ್ ಮೂಲಕ ಹಾಯಿಸಿ ವಿಳಾಸಗಳ ಅಂಕಿಗಳ ಜಾಗದಲ್ಲಿ ಚುಕ್ಕಿಗಳನ್ನಿಡಲಾಗುತ್ತದೆ. ಹಾಗೆ ಉಳಿದದ್ದನ್ನು ಮೊದಲೇ ಬರೆದಿಟ್ಟ ನಿರೀಕ್ಷಿತ ಉತ್ತರದೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಲಾಗುತ್ತದೆ. ಇದನ್ನೆಲ್ಲ ನಡೆಸುವುದು ಪರ್ಲ್ ಭಾಷೆಯಲ್ಲಿ ಬರೆದ ಒಂದೇ ಸ್ಕ್ರಿಪ್ಟ್.

ಫಿಲ್ಟರ್ ಇಷ್ಟು ಚಿಕ್ಕದಾಗಿದ್ದೂ ಸಾಕಾಗುವುದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು. ಮ್ಯಾಸಿಫ್ ಸಾಮಾನ್ಯವಾಗಿ ಕಾಲವನ್ನು, ಪ್ರೊಸೆಸರ್‌ಗೆ ಕೊಟ್ಟು ಓಡಿಸಿದ ಸೂಚನೆಗಳ ಲೆಕ್ಕದಲ್ಲಿ ಅಳೆಯುತ್ತದೆ. ಕಂಪೈಲರ್ ಬದಲಾದರೆ ಆ ಲೆಕ್ಕವೂ ಬದಲಾಗುವುದರಿಂದ, ಪರೀಕ್ಷೆಗಳಲ್ಲಿ ಕಾಲದ ಮಾನವನ್ನೇ ಬೈಟ್‌ಗಳಿಗೆ ಬದಲಿಸಿದ್ದಾರೆ. ಆಗ ನಕ್ಷೆಯ ಅಡ್ಡ ಅಕ್ಷವು ಪ್ರೋಗ್ರಾಮ್ ಪಡೆದ ಮತ್ತು ಬಿಟ್ಟುಕೊಟ್ಟ ಮೆಮೊರಿಯ ಮೊತ್ತವನ್ನೇ ಹೇಳುತ್ತದೆ. ಯಂತ್ರ ವೇಗದ್ದಾಗಿರಲಿ ನಿಧಾನದ್ದಾಗಿರಲಿ ಅದು ಕದಲುವುದಿಲ್ಲ. ಹಾಗೆಯೇ ಪ್ರೋಗ್ರಾಮ್ ಪಡೆಯುವ ಪ್ರತಿ ಮೆಮೊರಿ ತುಂಡಿನ ನಿರ್ವಹಣೆಗೆ ಮ್ಯಾಸಿಫ್ ತನ್ನದೇ ಅಂದಾಜಿನ 8 ಬೈಟ್ ಸೇರಿಸುತ್ತದೆ. ಪ್ರೋಗ್ರಾಮ್ 400 ಬೈಟ್ ಕೇಳಿದರೆ ಲೆಕ್ಕಕ್ಕೆ ಬರುವುದು 408. ವ್ಯವಸ್ಥೆಯಲ್ಲಿ ಮೆಮೊರಿಯನ್ನು ಹಂಚಿಕೊಡುವ ನಿಜವಾದ ಹಂಚಿಕೆದಾರ ಎಷ್ಟು ಜಾಗ ವ್ಯಯಿಸುತ್ತದೆ ಎಂಬುದು ಇಲ್ಲಿ ಒಳಬರುವುದೇ ಇಲ್ಲ. ಲೈಬ್ರರಿಗಳು ತಮ್ಮಷ್ಟಕ್ಕೆ ಪಡೆಯುವ ಮೆಮೊರಿಯನ್ನು ಬಿಟ್ಟುಬಿಡಲು, ಅಂಥ ಫಂಕ್ಷನ್‌ಗಳ ಹೆಸರು ಹಿಡಿದು ಕಡೆಗಣಿಸುವ ಆಯ್ಕೆಯೂ ಇದೆ. ಕಣ್ಣಿಗೆ ಕಂಡ ವ್ಯತ್ಯಾಸವನ್ನೆಲ್ಲ ಫಿಲ್ಟರ್‌ನಿಂದ ಒರೆಸಿಹಾಕುತ್ತ ಹೋದರೆ ನಿಜವಾದ ದೋಷವೂ ಅದರೊಡನೆ ಅಳಿಸಿಹೋಗುತ್ತದೆ. ಮೂಲದಲ್ಲೇ ಅಲುಗಾಟವನ್ನು ತಡೆಯುವ ಈ ಹಾದಿ ಅದಕ್ಕಿಂತ ಎಷ್ಟೋ ಪ್ರಾಮಾಣಿಕವಾದದ್ದು.

ಪರೀಕ್ಷೆ ಗೆದ್ದರೆ ಏನೂ ಉಳಿಯುವುದಿಲ್ಲ. ಸೋತರೆ ಬಂದ ಉತ್ತರವೂ ವ್ಯತ್ಯಾಸದ ಕಡತವೂ ಹಾಗೆಯೇ ಉಳಿಯುತ್ತವೆ. ಇದು ಅನುಕೂಲಕರವಾಗಿದೆ.

ಇಷ್ಟು ಮೆಚ್ಚಿದ ಮೇಲೂ ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ, ಅದು ನಕ್ಷೆಯನ್ನೇ ಹೋಲಿಕೆಗೆ ಒಡ್ಡುವುದು. ಎಂಎಸ್-ಪ್ರಿಂಟ್‌ನ ನಕ್ಷೆ ತಾನಾಗಿ 72 ಅಕ್ಷರ ಅಗಲ, 20 ಸಾಲು ಎತ್ತರದ ಚೌಕಟ್ಟಿಗೆ ಹೊಂದಿಕೊಳ್ಳುತ್ತದೆ. ಲೆಕ್ಕಕ್ಕೆ ಬರುವ ಮೊತ್ತ ತುಸು ಹೆಚ್ಚಿದರೂ ಕಂಬಗಳು ಒಂದೊಂದು ಮನೆ ಪಕ್ಕಕ್ಕೆ ಸರಿದು, ವ್ಯತ್ಯಾಸದ ಕಡತದಲ್ಲಿ ನಕ್ಷೆಯ ಬಹುಪಾಲು ಸಾಲುಗಳು ತಪ್ಪೆಂದು ಕಾಣಿಸಿಕೊಳ್ಳಬಹುದು. ಅದನ್ನು ಓದುವವರಿಗೆ ಏನೋ ಬದಲಾಗಿದೆ ಎಂಬುದು ತಿಳಿಯುತ್ತದೆಯೇ ಹೊರತು, ಬದಲಾದದ್ದು ಯಾವುದು ಎಂಬುದು ನಕ್ಷೆಯ ಭಾಗದಿಂದ ತಿಳಿಯುವುದಿಲ್ಲ. ಮ್ಯಾಸಿಫ್ ತಾನೇ ಬರೆಯುವ ಕಡತವಾದರೋ ಸರಳ ಪಠ್ಯ. ಪ್ರತಿ ಸ್ನ್ಯಾಪ್‌ಶಾಟ್‌ಗೂ (ಒಂದು ಕ್ಷಣದ ಮೆಮೊರಿ ಬಳಕೆಯ ದಾಖಲೆ) ಹೀಪ್‌ನ ಬೈಟ್, ಹೆಚ್ಚುವರಿ ಬೈಟ್, ಸ್ಟ್ಯಾಕ್‌ನ (ಫಂಕ್ಷನ್ ಕರೆಗಳಿಗೆ ಬಳಕೆಯಾಗುವ ಮೆಮೊರಿ) ಬೈಟ್ ಎಂದು ಬೇರೆ ಬೇರೆ ಸಾಲುಗಳೇ ಅದರಲ್ಲಿವೆ. ಆ ಅಂಕಿಗಳನ್ನು ಒಂದು ಪರೀಕ್ಷೆಯೂ, ನಕ್ಷೆ ಬಿಡಿಸುವ ಕೆಲಸವನ್ನು ಇನ್ನೊಂದು ಪರೀಕ್ಷೆಯೂ ನೋಡಿಕೊಂಡಿದ್ದರೆ, ದೋಷ ಅಳೆಯುವುದರಲ್ಲಿದೆಯೋ ಮುದ್ರಿಸುವುದರಲ್ಲಿದೆಯೋ ಎಂಬುದು ಕೂಡಲೇ ಗೊತ್ತಾಗುತ್ತಿತ್ತು.

ಒಂದೇ ಪರೀಕ್ಷೆಗೆ ಹಲವು ನಿರೀಕ್ಷಿತ ಉತ್ತರಗಳನ್ನು ಇಡುವ ಸೌಲಭ್ಯದ ಬಗ್ಗೆಯೂ ಎಚ್ಚರ ಬೇಕು. 32 ಬಿಟ್ ಮತ್ತು 64 ಬಿಟ್ ಯಂತ್ರಗಳಲ್ಲಿ ಉತ್ತರ ಬೇರೆಯಾಗುವಾಗ ಇದು ಅನಿವಾರ್ಯವೇ ಸರಿ. ಆದರೆ ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದಿದರೂ ಪರೀಕ್ಷೆ ಗೆದ್ದಂತೆಯೇ. ಈ ಯಂತ್ರಕ್ಕೆ ಈ ಉತ್ತರವೇ ಬರಬೇಕೆಂಬ ಕಟ್ಟುಪಾಡಿಲ್ಲ. ಕಡತದ ಹೆಸರಿನಲ್ಲೇ ಯಂತ್ರದ ಬಗೆಯನ್ನು ಬರೆದಿರುವ ಕಡೆಯಾದರೂ ಸ್ಕ್ರಿಪ್ಟ್ ಅದನ್ನು ಗಮನಿಸಿ, ಆ ಯಂತ್ರಕ್ಕೆ ಸಲ್ಲುವ ಉತ್ತರದೊಡನೆ ಮಾತ್ರ ಹೋಲಿಸಬೇಕು.