ಮಾನ್‌ಸ್ಟೆರಾಕ್ಕೆ ಕಂಬ: ನಾರಿನದ್ದು ಬಿಡಿ, ಪಾಚಿ ತುಂಬುವಂಥದ್ದು ತಗೊಳ್ಳಿ

ಮಾನ್‌ಸ್ಟೆರಾ ಅನ್ನೋ ಸೀಳೆಲೆಯ ಕುಂಡದ ಬಳ್ಳಿ ಹತ್ತಿಸೋಕೆ ಆನ್‌ಲೈನ್‌ನಲ್ಲಿ ‘ಮಾಸ್ ಪೋಲ್’, ಅಂದ್ರೆ ಪಾಚಿ ಕಂಬ, ಅಂತ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ತೆಂಗಿನ ನಾರಿನ ಕಂಬ. ಹೆಸರಲ್ಲಷ್ಟೇ ಮಾಸ್, ಒಳಗೆ ಒಂದೆಳೆ ಪಾಚಿಯೂ ಇಲ್ಲ. 2 ಅಡಿಯದ್ದಕ್ಕೆ 200 ರೂಪಾಯಿ ಚಿಲ್ಲರೆ. ಬಿಚ್ಚಿ ನೋಡಿದರೆ ಪಿವಿಸಿ ಪೈಪು, ಅದರ ಮೇಲೆ ಅಂಟು ಸವರಿ ಸುತ್ತಿದ ನಾರು. ಮೇಲಿಂದ ನೀರು ಹೊಯ್ದರೆ ಹೊರಮೈಯಲ್ಲೇ ಜಾರಿ ಕುಂಡಕ್ಕೆ ಇಳಿಯುತ್ತೆ. ಬೆಂಗಳೂರಿನ ಮಾರ್ಚ್ ಒಣಹವೆಗೆ ಬೆಳಗ್ಗೆ ಒದ್ದೆ ಮಾಡಿದ್ದು ಊಟದ ಹೊತ್ತಿಗೆ ಗರಿಗರಿ. ನಮ್ಮ ಮಾನ್‌ಸ್ಟೆರಾ ಬಿಟ್ಟ ಬೇರು ಅದನ್ನೊಮ್ಮೆ ಮುಟ್ಟಿ, ಪಕ್ಕಕ್ಕೆ ಹೊರಳಿ, ಸೀದಾ ಕೆಳಗಿನ ಮಣ್ಣಿಗೆ ಹೋಯಿತು. ಮಳೆಗಾಲದಲ್ಲಿ ಅಂಟೂ ಬಿಟ್ಟುಕೊಂಡು, ನಾರು ಸಡಿಲಾದ ಪಂಚೆ ಹಾಗೆ ಬುಡಕ್ಕೆ ಜಾರಿತು.

ಊರಿಂದ ಬಂದಿದ್ದ ಅಮ್ಮ ನೋಡಿ, “ಅಲ್ಲ ಕಣೇ, ಮೆಣಸಿನ ಬಳ್ಳಿ ಹಾಲುವಾಣದ ಮರ ಹತ್ತುತ್ತೆ. ಪೈಪು ಹತ್ತು ಅಂದ್ರೆ ಯಾವ ಬಳ್ಳಿ ಹತ್ತುತ್ತೆ?” ಅಂದಳು. ವಿಷಯ ಅದೇ. ಮಾನ್‌ಸ್ಟೆರಾ ಡೆಲಿಸಿಯೋಸಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಮಳೆಕಾಡಿನ ಬಳ್ಳಿ. ಗೆಣ್ಣುಗಳಲ್ಲಿ ಬೇರು ಬಿಟ್ಟು, ಒದ್ದೆ ತೊಗಟೆ ಹಿಡಿದು ಮರ ಏರುತ್ತೆ. ಏರಿದಷ್ಟೂ ಎಲೆ ದೊಡ್ಡದಾಗಿ ಸೀಳು, ತೂತು ಹೆಚ್ಚುತ್ತವೆ. ಮನಿ ಪ್ಲಾಂಟಿಗೂ ಇದೇ ಗುಣ: ಬಾಟಲಿಯಲ್ಲಿ ಅಂಗೈಯಷ್ಟಿದ್ದ ಎಲೆ, ಯಾರದೋ ಕಾಂಪೌಂಡಿನ ತೆಂಗಿನಮರ ಹತ್ತಿದ ಮೇಲೆ ಅಡಿ ಮೀರಿ ಹರಡಿರುತ್ತೆ.

ಆಮೇಲೆ ತರಿಸಿದ್ದು ಹಿಂದೆ ಪಾರದರ್ಶಕ ಪ್ಲಾಸ್ಟಿಕ್, ಮುಂದೆ ಜಾಲರಿ ಇರುವ ಕಂಬ. ತುಂಡು ತುಂಡಾಗಿ ಬರುತ್ತೆ, ಒಂದರ ಮೇಲೊಂದು ಸಿಕ್ಕಿಸಬಹುದು. ತುಂಬೋಕೆ ಒಣ ಸ್ಫ್ಯಾಗ್ನಮ್ ಪಾಚಿ ಬೇರೆ ಕೊಳ್ಳಬೇಕು; ಕಂಬಕ್ಕಿಂತ ಅದೇ ದುಬಾರಿ. ನೆನೆಸಿ, ಹಿಂಡಿ, ಹಗುರವಾಗಿ ತುಂಬಿ. ಜೊತೆಗೆ ಬಂದ ಚೀಟಿಯಲ್ಲಿ ‘ಗಟ್ಟಿಯಾಗಿ ಒತ್ತಿ’ ಅಂತಿದೆ, ಅದೊಂದನ್ನು ಕೇಳಬೇಡಿ. ಗಾಳಿಯಾಡದ ಪಾಚಿಯಲ್ಲಿ ಬೇರು ಕೊಳೆಯುತ್ತೆ. ನೀರಿಗೆ ನಾನು ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಬಾಟಲಿಯನ್ನು ಕಂಬದ ತಲೆಯಲ್ಲಿ ಬೋರಲು ಹಾಕಿಡ್ತೀನಿ, ಹನಿಹನಿಯಾಗಿ ಇಳಿಯುತ್ತೆ.

ಕೆಲವೇ ವಾರದಲ್ಲಿ ಬೇರಿನ ತುದಿ ಹಿಂಬದಿಯ ಪ್ಲಾಸ್ಟಿಕ್ಕಿಗೆ ಬಂದು ತಾಗಿತು. ಮೇಲೆ ಕಂದುಬಣ್ಣದ ಒರಟು ಬೇರು, ಪಾಚಿ ಹೊಕ್ಕ ಕಡೆಯಿಂದ ಬಿಳಿ ಕವಲು, ಕವಲಿಗೆ ಮತ್ತೆ ರೋಮ.

ನಾನು ಇದಕ್ಕೆ ಹೆಚ್ಚು ಅಂಕ ಕೊಡೋದು ಗಿಡ ಹೆಚ್ಚಿಸೋ ವಿಷಯಕ್ಕೆ. ಬಳ್ಳಿ ಕಂಬದ ತುದಿ ಮುಟ್ಟಿದಾಗ ಕಂಬದ ಮೇಲಿನ ತುಂಡನ್ನು ಬಿಡಿಸಿ, ಪಾಚಿಯೊಳಗೆ ಬೇರೂರಿದ ಗೆಣ್ಣಿನ ಕೆಳಗೆ ಕತ್ತರಿಸಿದರೆ ಆಯ್ತು. ಕಂಬದ ಸಮೇತ ಬೇರೆ ಕುಂಡಕ್ಕೆ ಇಟ್ಟೆ, ಎಲೆ ಒಂಚೂರೂ ಬಾಡಲಿಲ್ಲ. ನೀರಲ್ಲಿ ಬೇರು ಬರಿಸಿದ ಕಡ್ಡಿ ಹಾಗಲ್ಲ, ಮಣ್ಣಿಗೆ ಹಾಕಿದ ಮೇಲೆ ಎಷ್ಟೋ ದಿನ ಮುನಿಸಿಕೊಂಡು ಕೂತಿರುತ್ತೆ. ಉಳಿದ ಮೋಟು ಕಾಂಡವೂ ಗೆಣ್ಣಿನ ಕಣ್ಣಿಂದ ಮತ್ತೆ ಚಿಗುರಿತು. ಕತ್ತರಿಸುವಾಗ ಕೈಗವಸು ಇರಲಿ. ಇದು ಕೆಸುವಿನ ಕುಟುಂಬದ್ದೇ, ರಸ ತಾಗಿದರೆ ತುರಿಸುತ್ತೆ. ಮಕ್ಕಳು, ನಾಯಿ ಬಾಯಿಗೆ ಹಾಕದ ಹಾಗೆ ನೋಡಿಕೊಳ್ಳಿ.

ಇದೇ ಮಾತಿಗೆ ಇನ್ನೊಂದು. ಆನ್‌ಲೈನ್‌ನಲ್ಲಿ ಒಬ್ಬರು ನನಗೆ ‘ಕಟಿಂಗ್’ ಅಂತ ಬರೀ ಎಲೆ, ತೊಟ್ಟು ಕಳಿಸಿದ್ದರು. ಗೆಣ್ಣಿಲ್ಲದ ಎಲೆ ನೀರಲ್ಲಿ ತಿಂಗಳುಗಟ್ಟಲೆ ಹಸಿರಾಗಿರಬಹುದು, ಬೇರೂ ಬಿಡಬಹುದು, ಗಿಡ ಮಾತ್ರ ಆಗಲ್ಲ. ದುಡ್ಡು ಕೊಡೋ ಮೊದಲು ಗೆಣ್ಣು ಕಾಣೋ ಫೋಟೊ ಕೇಳಿ.

ಜಾಲರಿ ಕಂಬದಲ್ಲೂ ತೊಂದರೆ ಇಲ್ಲದಿಲ್ಲ. ಬೆಳಕು ಬೀಳೋ ಕಡೆ ಪ್ಲಾಸ್ಟಿಕ್ ಒಳಗೆ ಹಸಿರು ಲೋಳೆ ಕಟ್ಟುತ್ತೆ. ಸಣ್ಣ ಕಪ್ಪು ನೊಣ ಬರುತ್ತವೆ. ಪಾಚಿ ಒಮ್ಮೆ ಪೂರ್ತಿ ಒಣಗಿದರೆ ಬೇಗ ನೀರು ಹಿಡಿಯಲ್ಲ, ಹಾಗಾಗಿ ವಾರಗಟ್ಟಲೆ ಊರಿಗೆ ಹೋಗೋರಿಗೆ ಸರಿಹೋಗಲಿಕ್ಕಿಲ್ಲ. 3 ಅಡಿ ದಾಟಿದ ಮೇಲೆ ತಲೆಭಾರ. ಪ್ಲಾಸ್ಟಿಕ್ ಕುಂಡ ಗಾಳಿಗೆ ಮಗುಚುತ್ತೆ, ಭಾರದ ಮಣ್ಣಿನ ಕುಂಡವೇ ಬೇಕು. ಇಷ್ಟಿದ್ದೂ ಇದಕ್ಕೆ 5ಕ್ಕೆ 4. ನಾರಿನ ಕಂಬಕ್ಕೆ ಒಂದೂವರೆ, ಅದೂ ಸಣ್ಣ ಮನಿ ಪ್ಲಾಂಟ್ ಕಟ್ಟಿ ನಿಲ್ಲಿಸೋಕೆ ಆಗುತ್ತಲ್ಲ ಅಂತ.