ಹಳೆಯ ಗೋವಾಕ್ಕೆ ಯಾತ್ರಾ ಬಸ್ಸು: ಸಂತ ಫ್ರಾನ್ಸಿಸ್ ಝೇವಿಯರ್ ದರ್ಶನ ಪ್ರವಾಸದ ವಿಮರ್ಶೆ

ಹದಿನಾರನೆಯ ಶತಮಾನದ ಕ್ರೈಸ್ತ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನ ಹಳೆಯ ಗೋವಾದಲ್ಲಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದಾಗ, ಫ್ರೇಜರ್ ಟೌನ್ ಕಡೆಯ ಸಣ್ಣ ಪ್ರವಾಸ ಸಂಸ್ಥೆಯೊಂದು ಬೆಂಗಳೂರಿನಿಂದ ಬಸ್ಸುಗಳನ್ನು ಬಿಟ್ಟಿತ್ತು. ಡಿಸೆಂಬರಿನಲ್ಲಿ ಮನೆಯವರೊಡನೆ ಅದರಲ್ಲಿ ಹೋಗಿಬಂದೆ. ಈ ದರ್ಶನ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬರುವಂಥದ್ದಾದರೂ, ಪ್ರತಿವರ್ಷ ಡಿಸೆಂಬರ್ 3ರ ಹಬ್ಬಕ್ಕೆ ಅದೇ ಸಂಸ್ಥೆ ಅದೇ ಪ್ರವಾಸವನ್ನು ನಡೆಸುವುದರಿಂದ, ಮುಂದೆ ಹೋಗುವವರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬಸ್ಸು, ಊಟ, ವಸತಿಯನ್ನು ಯಾವ ಸಂಸ್ಥೆಯಾದರೂ ಕೊಡಬಲ್ಲದು. ಈ ಪ್ರವಾಸಕ್ಕೆ ಬೆಲೆ ಬಂದದ್ದು ಮೈಕ್ ಹಿಡಿದು ಸಂತರ ಬದುಕನ್ನು ಹೇಳುತ್ತಾ ಬಂದ ವಿವರಣಕಾರರಿಂದ. ಅವರಿಗೆ ಸಿಗಬೇಕಾಗಿದ್ದ ಸಮಯವನ್ನು ಸಂಸ್ಥೆ ಅಂಗಡಿಗಳಿಗೆ ಕೊಟ್ಟದ್ದೇ ನನ್ನ ಮುಖ್ಯ ದೂರು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೋಲ್ಸ್ ಪಾರ್ಕ್ ಬಳಿಯ ಸಂತ ಫ್ರಾನ್ಸಿಸ್ ಝೇವಿಯರ್ ಪ್ರಧಾನಾಲಯದ ಮುಂದೆ ಸಂಜೆ ಹತ್ತಿಸಿಕೊಂಡು, ತುಮಕೂರು, ಹುಬ್ಬಳ್ಳಿ ದಾರಿಯಲ್ಲಿ ಸಾಗಿ, ಅನ್ಮೋಡ ಘಟ್ಟ ಇಳಿಸಿ, ಬೆಳಿಗ್ಗೆ ಹೇಳಿದ ಹೊತ್ತಿಗೆ ತಲುಪಿಸಿದರು. ಊಟ, ವಸತಿ ಸೇರಿ ತಲಾ 6,500 ರೂಪಾಯಿ. ಸೀಟುಗಳು ಪರವಾಗಿಲ್ಲ, ಕೋಣೆ ಚೊಕ್ಕಟವಾಗಿತ್ತು, ರಾತ್ರಿಯ ಸಾರಿಗೆ ಉಪ್ಪು ಸ್ವಲ್ಪ ಮುಂದು.

ವಿವರಣಕಾರರು ನಿವೃತ್ತ ಉಪಾಧ್ಯಾಯರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕನ್ನಡದಲ್ಲಿ ಹೇಳಿದ್ದನ್ನು ಹಿಂದಿನ ಸೀಟುಗಳ ಹಿರಿಯರಿಗಾಗಿ ಅಲ್ಲಲ್ಲಿ ತಮಿಳಿನಲ್ಲೂ ಹೇಳುತ್ತಿದ್ದರು. ಇಂಥ ಪ್ರವಾಸಗಳಲ್ಲಿ ಪವಾಡಗಳ ಪಟ್ಟಿಯನ್ನೇ ಒಪ್ಪಿಸುವ ರೂಢಿಯಿದೆ. ಮೇಷ್ಟ್ರು ಅದನ್ನು ಬಿಟ್ಟು ಮನುಷ್ಯನಿಂದ ಶುರುಮಾಡಿದರು: 1506ರಲ್ಲಿ ಇಂದಿನ ಸ್ಪೇನಿನ ಉತ್ತರಕ್ಕಿರುವ ನವಾರ್ ಸೀಮೆಯ ಝೇವಿಯರ್ ಕೋಟೆಯಲ್ಲಿ ಹುಟ್ಟಿದ ಕುಲೀನ ಮನೆತನದ ಹುಡುಗ, ಯುದ್ಧದಲ್ಲಿ ಮನೆಯವರು ಸೋತ ಪಕ್ಷದಲ್ಲಿದ್ದುದರಿಂದ ಆ ಕೋಟೆಯ ಗೋಪುರಗಳನ್ನು ಕೆಡವಿದ್ದನ್ನು ಎಳವೆಯಲ್ಲೇ ಕಂಡವನು, ಪ್ಯಾರಿಸ್ಸಿಗೆ ಓದಲು ಹೋಗಿ ಇಗ್ನೇಷಿಯಸ್ ಲೊಯೋಲಾ ಎಂಬ ತನಗಿಂತ ಹಿರಿಯ ಸಹಪಾಠಿಯ ಮಾತಿಗೆ ಬಹುಕಾಲ ಮಣಿಯದೆ ಕೊನೆಗೆ ಮಣಿದವನು. 1534ರ ಆಗಸ್ಟ್ 15ರಂದು ಮಾನ್‌ಮಾರ್ತ್ರ್ ಗುಡ್ಡದಲ್ಲಿ ವ್ರತ ತೊಟ್ಟ ಆ ಏಳು ಗೆಳೆಯರ ಕೂಟವೇ ಮುಂದೆ ಯೇಸುಸಭೆ, ಅಂದರೆ ಜೆಸ್ವಿಟ್ ಪಾದ್ರಿಗಳ ಸಂಘವಾಯಿತು. ಭಾರತಕ್ಕೆ ಹೊರಡಬೇಕಾಗಿದ್ದವರು ಇವರಲ್ಲ, ನಿಕೊಲಾಸ್ ಬೊಬಡಿಯಾ ಎಂಬ ಇನ್ನೊಬ್ಬರು. ಅವರು ಕಾಯಿಲೆ ಬಿದ್ದದ್ದರಿಂದ ಇವರು ತರಾತುರಿಯಲ್ಲಿ ರೋಮ್ ಬಿಟ್ಟರು. ಈ ಸಂಗತಿ ಬಂದಾಗ ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕುಳಿತರು.

1542ರ ಮೇ 6ರಂದು ಗೋವಾ ತಲುಪಿದ ಮೇಲೆ ಆಸ್ಪತ್ರೆಯಲ್ಲೇ ಉಳಿದು ರೋಗಿಗಳ ಆರೈಕೆ ಮಾಡಿದ್ದು, ಗಂಟೆ ಬಾರಿಸುತ್ತ ಬೀದಿಬೀದಿ ಸುತ್ತಿ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆದದ್ದು ಎಲ್ಲರೂ ಕೇಳಿರುವ ಕಥೆಗಳೇ. ಮೇಷ್ಟ್ರ ವಿವರಣೆಯ ಸಾರವಿದ್ದದ್ದು ತಮಿಳುನಾಡಿನ ದಕ್ಷಿಣ ತೀರದ ಮುತ್ತಿನ ಕರಾವಳಿಯ ಭಾಗದಲ್ಲಿ. ಅಲ್ಲಿನ ಪರವರು ಎಂಬ ಮೀನುಗಾರ ಸಮುದಾಯದವರು ಆಗಲೇ ದೀಕ್ಷಾಸ್ನಾನ ಪಡೆದಿದ್ದರು, ಆದರೆ ಅವರಿಗೆ ಪ್ರಾರ್ಥನೆ ಕಲಿಸುವವರಿರಲಿಲ್ಲ. ಝೇವಿಯರ್ ದುಭಾಷಿಗಳನ್ನು ಕೂರಿಸಿಕೊಂಡು ಪರಲೋಕ ಮಂತ್ರ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ಹತ್ತು ಕಟ್ಟಳೆಗಳನ್ನು ತಮಿಳಿಗೆ ಮಾಡಿಸಿ, ತಾವೇ ಬಾಯಿಪಾಠ ಮಾಡಿ, ಊರೂರಿನಲ್ಲಿ ಸಾಲು ಸಾಲಾಗಿ ಹೇಳಿಸಿದರು. ಒಂದೇ ದಿನ ಇಡೀ ಊರಿಗೆ ದೀಕ್ಷಾಸ್ನಾನ ಕೊಟ್ಟು ತೋಳು ಸೋತದ್ದನ್ನು ಅವರೇ ಪತ್ರದಲ್ಲಿ ಬರೆದಿದ್ದಾರೆ. ಆ ತೋಳಿನ ಮುಂಗೈ 1614ರಲ್ಲಿ ರೋಮಿಗೆ ಹೋಯಿತು, ನಾಳೆ ನೀವು ನೋಡುವ ದೇಹದಲ್ಲಿ ಅದು ಇರುವುದಿಲ್ಲ ಎಂದು ಮೇಷ್ಟ್ರು ಮೊದಲೇ ತಿಳಿಸಿದ್ದು, ಮರುದಿನ ಸಾಲಿನಲ್ಲಿ ನಿಂತವರಿಗೆ ನೋಡುವ ಕಣ್ಣನ್ನೇ ಕೊಟ್ಟಿತು.

ಜಪಾನಿನ ಭಾಗವನ್ನು ಮಾತ್ರ ಅವರು ಓಡಿಸಿಬಿಟ್ಟರು. 1549ರ ಆಗಸ್ಟ್ 15ರಂದು ಕಾಗೊಶಿಮಾದಲ್ಲಿ ಇಳಿದರು ಎಂಬಲ್ಲಿಗೆ ಮಾತು ಮುಗಿಯಿತು. ಹರಕು ಬಟ್ಟೆಯಲ್ಲಿ ಹೋದಾಗ ಯಾರೂ ಕಿವಿಗೊಡದಿದ್ದುದನ್ನು ಕಂಡು, ಯಾಮಾಗುಚಿಯ ಪ್ರಭುವಿನ ಮುಂದೆ 1551ರಲ್ಲಿ ಒಳ್ಳೆಯ ಉಡುಪು ತೊಟ್ಟು, ಗಡಿಯಾರದಂಥ ಉಡುಗೊರೆಗಳೊಡನೆ ನಿಂತು, ಬೋಧಿಸಲು ಅನುಮತಿ ಪಡೆದವರು ಅವರು. ತನ್ನ ವಿಧಾನವನ್ನು ತಾನೇ ಬದಲಿಸಿಕೊಂಡ ಈ ಜಾಣ್ಮೆ ನನಗೆ ಅವರ ಅತಿ ದೊಡ್ಡ ಗುಣವಾಗಿ ಕಾಣುತ್ತದೆ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರವಾದದ್ದು. ಕಾಲೇಜು ಹುಡುಗಿಯೊಬ್ಬಳು, “ಮೇಷ್ಟ್ರೇ, ಗೋವಾದ ಇನ್‌ಕ್ವಿಸಿಷನ್‌ಗೂ ಇವರಿಗೂ ಸಂಬಂಧ ಇತ್ತಾ?” ಎಂದು ಕೇಳಿದಳು. ಧರ್ಮದ ಕಟ್ಟಳೆ ಮೀರಿದವರೆಂದು ಆರೋಪ ಹೊತ್ತವರನ್ನು ವಿಚಾರಿಸಿ ದಂಡಿಸುತ್ತಿದ್ದ ಚರ್ಚಿನ ನ್ಯಾಯಪೀಠ ಅದು. “ಇಲ್ಲಮ್ಮ, ಅದು ಬಂದದ್ದು 1560ರಲ್ಲಿ, ಸಂತರು ತೀರಿಕೊಂಡು ಎಂಟು ವರ್ಷ ಆದಮೇಲೆ” ಎಂದರು ಅವರು. ಇಸವಿ ಸರಿಯೇ, ಆದರೆ ಗೋವಾಕ್ಕೆ ಅಂಥ ನ್ಯಾಯಪೀಠ ಬೇಕೆಂದು 1546ರಲ್ಲಿ ಪೋರ್ಚುಗಲ್ಲಿನ ದೊರೆ ಮೂರನೆಯ ಜೊವಾವೊಗೆ ಪತ್ರ ಬರೆದವರಲ್ಲಿ ಝೇವಿಯರ್ ಇದ್ದರು ಎಂಬುದನ್ನೂ ಹೇಳಬೇಕಿತ್ತು. ಪೋರ್ಚುಗೀಸ್ ಅಧಿಕಾರಿಗಳ ದುರಾಸೆಯ ಬಗ್ಗೆ ಅದೇ ದೊರೆಗೆ ಖಾರವಾಗಿ ದೂರಿದವರೂ ಅವರೇ ಎಂಬುದನ್ನು ಜೊತೆಗೆ ಹೇಳಿದ್ದರೆ ಹುಡುಗಿಗೆ ಪೂರ್ಣ ಉತ್ತರ ಸಿಗುತ್ತಿತ್ತು. ಇದರಿಂದ ಯಾರ ಭಕ್ತಿಗೂ ಭಂಗ ಬರುತ್ತಿರಲಿಲ್ಲ.

ದರ್ಶನದ ವರ್ಷ ದೇಹವನ್ನು ಬಾಮ್ ಜೀಸಸ್ ಬಸಿಲಿಕಾದಿಂದ ಎದುರಿನ ಸೇ ಪ್ರಧಾನಾಲಯಕ್ಕೆ ತಂದಿರುತ್ತಾರೆ. ಸಾಲು ಉದ್ದವಾಗಿತ್ತು, ವ್ಯವಸ್ಥೆ ಚೆನ್ನಾಗಿತ್ತು, ಸಂಸ್ಥೆಯ ಇಬ್ಬರು ಹುಡುಗರು ನೀರಿನ ಬಾಟಲಿ ಹಿಡಿದು ವಯಸ್ಸಾದವರ ಪಕ್ಕದಲ್ಲೇ ನಡೆದರು. ಇದಕ್ಕೆ ಪೂರ್ಣ ಅಂಕ. ಗಾಜಿನ ಪೆಟ್ಟಿಗೆಯೊಳಗೆ ಕಸೂತಿಯ ಪೂಜಾವಸ್ತ್ರ ಹೊದ್ದ, ಒಣಗಿ ಕಪ್ಪಾದ, ಎಣಿಸಿದ್ದಕ್ಕಿಂತ ತೀರ ಚಿಕ್ಕದಾಗಿ ಕಾಣುವ ದೇಹ. ನಿಲ್ಲಲು ಬಿಡುವುದಿಲ್ಲ. ನನ್ನ ಮುಂದಿದ್ದ ಅಜ್ಜಿ ಜಪಸರವನ್ನು ಗಾಜಿಗೆ ಒಮ್ಮೆ ಮುಟ್ಟಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುವಷ್ಟರಲ್ಲಿ ನಾವು ಹೊರಗಿದ್ದೆವು.

ಅಲ್ಲಿಂದ ಬಾಮ್ ಜೀಸಸ್‌ಗೆ ಕರೆದೊಯ್ದದ್ದು ಮಾತ್ರ ಶಾಸ್ತ್ರಕ್ಕೆ. 1605ರಲ್ಲಿ ಪ್ರತಿಷ್ಠಾಪನೆಯಾದ, ಗಾರೆಯಿಲ್ಲದ ಕೆಂಪು ಜಂಬಿಟ್ಟಿಗೆಯ ಆ ಬಸಿಲಿಕಾದಲ್ಲೇ ಸಂತರ ಸಮಾಧಿ ಮಂಟಪವಿದೆ. ಫ್ಲಾರೆನ್ಸಿನ ಶಿಲ್ಪಿ ಜೊವಾನ್ನಿ ಬತ್ತಿಸ್ತ ಫೊಜ್ಜಿನಿ ಮಾಡಿದ್ದು, ಟಸ್ಕನಿಯ ಪ್ರಭು ಮೂರನೆಯ ಕೊಸಿಮೊ ಮೆದಿಚಿ ಕೊಟ್ಟದ್ದು, 1698ರಲ್ಲಿ ನಿಲ್ಲಿಸಿದ್ದು. ಅದರ ಕಂಚಿನ ಫಲಕಗಳಲ್ಲೊಂದು ಸಂತರ ಮರಣದ ದೃಶ್ಯ. ಚೀನಾದ ಬಂದರು ನಗರ ಕ್ಯಾಂಟನ್ನಿಗೆ ಕದ್ದು ದಾಟಿಸುತ್ತೇನೆಂದು ಮಾತು ಕೊಟ್ಟಿದ್ದ ವ್ಯಾಪಾರಿ ಬಾರದೆ, ಚೀನಾದ ತೀರದಾಚೆಯ ಶಾಂಗ್‌ಚುವಾನ್ ದ್ವೀಪದಲ್ಲಿ ಜ್ವರ ಹಿಡಿದು, ಆಂಟೋನಿಯೊ ಎಂಬ ಚೀನೀ ಕ್ರೈಸ್ತ ಯುವಕನೊಬ್ಬನ ಆರೈಕೆಯಲ್ಲಿ 1552ರ ಡಿಸೆಂಬರ್ 3ರಂದು, ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡದ್ದನ್ನು ಆ ಫಲಕದ ಮುಂದೆ ನಿಂತು ಹೇಳಲು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರ್ ಗಡಿಯಾರ ತೋರಿಸಿದರು. ಬಳಿಕ ಪಣಜಿಯ ಗೋಡಂಬಿ ಅಂಗಡಿಯೊಂದರಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತೆಂದರೆ, ಅಷ್ಟರಲ್ಲಿ ನಾಲ್ಕೂ ಫಲಕಗಳನ್ನು ನಿಧಾನವಾಗಿ ನೋಡಿ ಮುಗಿಸಬಹುದಾಗಿತ್ತು. ಸಂಸ್ಥೆ ಹಂಚಿದ ಕನ್ನಡ ಕಿರುಪುಸ್ತಿಕೆಯಲ್ಲಿ ಸಂತರು “ಚೀನಾದಾದ್ಯಂತ ಸುವಾರ್ತೆ ಸಾರಿದರು” ಎಂದು ಅಚ್ಚಾಗಿದೆ. ಚೀನಾದ ಮುಖ್ಯಭೂಮಿಯನ್ನು ಅವರು ಮುಟ್ಟಲೇ ಇಲ್ಲ. ಮುಂದಿನ ಮುದ್ರಣವನ್ನು ಮೇಷ್ಟ್ರಿಂದಲೇ ತಿದ್ದಿಸುವುದು ಒಳ್ಳೆಯದು.

ದೇಹವನ್ನು ಹತ್ತಿರದಿಂದ ನೋಡುವುದೇ ಮುಖ್ಯವಾದವರು ಮುಂದಿನ ದರ್ಶನದವರೆಗೆ ಕಾಯಬೇಕು. ಬದುಕನ್ನು ತಿಳಿಯಬೇಕೆನ್ನುವವರಿಗೆ ಸಾಮಾನ್ಯ ವರ್ಷವೇ ಮೇಲು: ಗೋವಾದ ಅಕ್ಕಸಾಲಿಗರು ಮಾಡಿದ ಬೆಳ್ಳಿ ಪೆಟ್ಟಿಗೆ ಎತ್ತರದಲ್ಲಿದ್ದು ಒಳಗಿನದು ಅಷ್ಟಾಗಿ ಕಾಣದಿದ್ದರೂ, ಮಂಟಪದ ಸುತ್ತ ನಿಲ್ಲಲು ಜಾಗವಿರುತ್ತದೆ. ಹಬ್ಬದ ದಿನದ ನೂಕುನುಗ್ಗಲು ಬೇಡವಾದರೆ ನವೆಂಬರ್ 24ಕ್ಕೆ ಆರಂಭವಾಗುವ ನೊವೆನಾದ, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಯ, ಮೊದಲ ದಿನಗಳ ಬಸ್ಸನ್ನು ಕೇಳಿ. ಮುಂಗಡ ಕೊಡುವ ಮುನ್ನ ಮೇಷ್ಟ್ರು ಬರುತ್ತಾರೆಯೇ, ಬಾಮ್ ಜೀಸಸ್‌ಗೆ ಅರ್ಧ ದಿನ ಇಟ್ಟಿದ್ದಾರೆಯೇ ಎಂದು ಫೋನಿನಲ್ಲೇ ಖಚಿತಪಡಿಸಿಕೊಳ್ಳಿ.